ಕೆಎ-29ರ ಕಾರುಗಳ ಆಯುಷ್ಯ

ಬಾಗಲಕೋಟೆ ಆರ್‌ಟಿಒ ದಾಖಲೆಯಲ್ಲಿ ಸತ್ತ ಕಾರುಗಳೂ ಬದುಕಿವೆ. ಗಾಡಿ ಗುಜರಿಗೆ ಹೋದರೆ ಹದಿನಾಲ್ಕು ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಮಾಡಿಸುವವರು ಕಡಿಮೆ. ಗುಜರಿಯವನು ತೂಕ ಹಾಕಿ ರೊಕ್ಕ ಎಣಿಸುತ್ತಾನೆ, ಕಾರು ಹೋಗುತ್ತದೆ, ಆರ್‌ಸಿ ಮಾತ್ರ ತಿಜೋರಿಯಲ್ಲಿ ಹೊಲದ ಉತಾರಗಳ ಕೆಳಗೆ ಬೆಚ್ಚಗೆ ಉಳಿಯುತ್ತದೆ. ಹೀಗಾಗಿ ಕೆಎ-29 ನಂಬರಿನ ಕಾರು ಇಷ್ಟು ಸಾವಿರ ಎಂದು ಕಾಗದ ಹೇಳಿದರೂ ರಸ್ತೆಯ ಮೇಲೆ ಉಳಿದವು ಎಷ್ಟು, ಯಾವ ಕಂಪನಿಯವು ಎಷ್ಟು ವರ್ಷ ಬಾಳಿ ಹೋದವು ಎಂಬ ಲೆಕ್ಕ ಅದರಿಂದ ಹೊರಡುವುದಿಲ್ಲ.

ಆ ಲೆಕ್ಕ ಬೇಕಾದವರು ಮಾತ್ರ ಬಹಳ ಮಂದಿ. ಹುನಗುಂದದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡುವ ಮಾಸ್ತರರು, ಇಳಕಲ್ಲಿನಲ್ಲಿ ಸೀರೆ ಗಂಟು ಹೇರಲು ವ್ಯಾನು ಹುಡುಕುವ ವ್ಯಾಪಾರಿ, ಬಾದಾಮಿಯಿಂದ ಐಹೊಳೆ, ಪಟ್ಟದಕಲ್ಲಿಗೆ ಪ್ರವಾಸಿಗರನ್ನು ಒಯ್ಯುವ ಹಳದಿ ಬೋರ್ಡಿನ ಡ್ರೈವರ್, ಎಲ್ಲರದೂ ಒಂದೇ ಪ್ರಶ್ನೆ: "ಯಾವ ಕಂಪನಿ ಗಾಡಿ ಭಾಳ ದಿನ ಬರತೈತ್ರಿ?" ಅನುಭವಸ್ಥ ಮಿಸ್ತ್ರಿಯ ಉತ್ತರ ಕಂಪನಿಯ ಹೆಸರಿನಿಂದ ಶುರುವಾಗುವುದಿಲ್ಲ. "ಸಾಮಾನು ಎಲ್ಲಿ ಸಿಗತೈತಿ, ಅದನ್ನ ನೋಡ್ರಿ ಮೊದಲ" ಎನ್ನುತ್ತಾನೆ. ಈ ಜಿಲ್ಲೆಯ ಮಟ್ಟಿಗೆ ನಾನೂ ಅದೇ ಮಾತಿಗೆ ಸಹಿ ಹಾಕುತ್ತೇನೆ. ಕಂಪನಿ ಕಂಪನಿಗೆ ಫರಕು ಇದೆ, ಇಲ್ಲವೆಂದಲ್ಲ. ಆದರೆ ಆ ಫರಕಿನ ಬಹುಪಾಲು ಕಾರ್ಖಾನೆಯಲ್ಲಿ ಹುಟ್ಟುವುದಿಲ್ಲ. ಬಿಡಿಭಾಗದ ಅಂಗಡಿಯಲ್ಲಿ, ನಮ್ಮ ಧೂಳಿನಲ್ಲಿ, ನಮ್ಮ ಬೋರ್‌ವೆಲ್ ನೀರಿನಲ್ಲಿ ಹುಟ್ಟುತ್ತದೆ.

ಲೆಕ್ಕ ಇಟ್ಟ ದೇಶಗಳಿವೆ. ಬ್ರಿಟನ್ನಿನಲ್ಲಿ ಹಳೆಯ ಕಾರುಗಳ ಕಡ್ಡಾಯ ತಪಾಸಣೆ 1960ರಲ್ಲೇ ಶುರುವಾಯಿತು. ಈಗ ಮೂರು ವರ್ಷ ತುಂಬಿದ ಕಾರು ವರ್ಷಕ್ಕೊಮ್ಮೆ ಪರೀಕ್ಷೆಗೆ ನಿಲ್ಲಬೇಕು. ಪ್ರತಿ ಸಲ ಮೀಟರಿನ ಓದು ದಾಖಲಾಗುತ್ತದೆ. ಒಂದು ಕಾರು ಪರೀಕ್ಷೆಗೆ ಬರುವುದು ನಿಂತಿತೆಂದರೆ ಅದರ ಕಥೆ ಮುಗಿಯಿತೆಂದು ಹಿಡಿಯಬಹುದು. ಇಂಥ ಸುಮಾರು 30 ಕೋಟಿ ದಾಖಲೆಗಳನ್ನು ಜಾಲಾಡಿದ ಅಧ್ಯಯನವೊಂದು 2025ರ ಜನವರಿಯಲ್ಲಿ 'ನೇಚರ್ ಎನರ್ಜಿ' ಪತ್ರಿಕೆಯಲ್ಲಿ ಬಂತು. ಅದರ ಪ್ರಕಾರ ಅಲ್ಲಿ ಪೆಟ್ರೋಲ್ ಕಾರಿನ ಸರಾಸರಿ ಆಯುಷ್ಯ 18.7 ವರ್ಷ, ಬ್ಯಾಟರಿ ಕಾರಿನದು 18.4, ಡೀಸೆಲ್ ಕಾರಿನದು 16.8. ನಮ್ಮಲ್ಲಿ ಖಾಸಗಿ ಕಾರು ಮೊದಲ ಬಾರಿ ಇನ್ಸ್‌ಪೆಕ್ಟರ್ ಎದುರು ನಿಲ್ಲುವುದೇ ಹದಿನೈದು ವರ್ಷ ತುಂಬಿದಾಗ. ಅಷ್ಟರಲ್ಲಿ ಅದು ಮೂವರು ಮಾಲೀಕರನ್ನು ಕಂಡಿರುತ್ತದೆ, ಅದರ ಮೀಟರು ಒಂದೆರಡು ಸಲ ಹಿಂದಕ್ಕೂ ಓಡಿರುತ್ತದೆ.

ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಹಳೆಯ ಕಾರುಗಳ ಮೀಟರು ನೋಡಿ ಪಟ್ಟಿ ಮಾಡುವ ಐಸೀಕಾರ್ಸ್ ಎಂಬ ಸಂಸ್ಥೆ ಇದೆ. ಅದರ 2022ರ ಪಟ್ಟಿಯಲ್ಲಿ ಮೊದಲು ನಿಂತದ್ದು ಟೊಯೋಟಾದ ಸಿಕ್ವೋಯಾ, ಸುಮಾರು 4 ಲಕ್ಷ 77 ಸಾವಿರ ಕಿ.ಮೀ. ಇದು ಸರಾಸರಿ ಅಲ್ಲ, ಅತಿ ಹೆಚ್ಚು ಓಡಿದ ನೂರರಲ್ಲಿ ಒಂದು ಪಾಲಿನ ಲೆಕ್ಕ. ಟೊಯೋಟಾ ಗಟ್ಟಿ ಎಂಬ ನಮ್ಮ ಡ್ರೈವರುಗಳ ನಂಬಿಕೆಗೆ ಅಲ್ಲಿಂದಲೂ ಒಂದು ಸಾಕ್ಷಿ ಸಿಕ್ಕಿತು, ಸರಿ. ಆದರೆ ದೊಡ್ಡ ಗಾಡಿ ಕೊಳ್ಳುವವರು ಯಾರು, ಹೆದ್ದಾರಿಯಲ್ಲಿ ಓಡಿಸುವವರು ಯಾರು, ಸರ್ವಿಸಿಗೆ ಹಣ ಬಿಚ್ಚುವವರು ಯಾರು ಎಂಬುದೂ ಇಂಥ ಪಟ್ಟಿಯೊಳಗೆ ಅಡಗಿರುತ್ತದೆ. ಇರ್ವ್ ಗಾರ್ಡನ್ ಎಂಬ ಅಮೆರಿಕದ ಮೇಷ್ಟ್ರು 1966ರಲ್ಲಿ ಕೊಂಡ ವೋಲ್ವೋ ಕಾರನ್ನು 2013ರ ಹೊತ್ತಿಗೆ 30 ಲಕ್ಷ ಮೈಲಿ ದಾಟಿಸಿದರು, ಅಂದರೆ ಹೆಚ್ಚುಕಡಿಮೆ 48 ಲಕ್ಷ ಕಿ.ಮೀ. ಅದರಲ್ಲಿ ವೋಲ್ವೋದ ಪಾಲೆಷ್ಟು, ಮೇಷ್ಟ್ರ ಪಾಲೆಷ್ಟು? ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವುದನ್ನು ಅವರು ವ್ರತದಂತೆ ಪಾಲಿಸಿದರು.

ಇನ್ನೊಂದು ದಾಖಲೆ ನಮಗೆ ಹತ್ತಿರದ್ದು. ಗ್ರೀಸಿನ ಟ್ಯಾಕ್ಸಿ ಚಾಲಕ ಗ್ರಿಗೋರಿಯೋಸ್ ಸಖಿನಿದಿಸ್ 1976ರ ಮಾದರಿಯ ಮರ್ಸಿಡಿಸ್ 240ಡಿ ಕಾರನ್ನು 46 ಲಕ್ಷ ಕಿ.ಮೀ. ಓಡಿಸಿ 2004ರಲ್ಲಿ ಕಂಪನಿಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಒಂದೇ ಎಂಜಿನ್ ಮೇಲೆ ಅಲ್ಲ, ಬದಲಿಸಿ ಬದಲಿಸಿ ಓಡಿಸಿದ್ದು. ಆ ಕಾರಿನ ಎಂಜಿನ್ ಹೆಸರು ಒಎಂ 616, 2.4 ಲೀಟರಿನ ಸೀದಾ ಸಾದಾ ಡೀಸೆಲ್. ಅದೇ ಎಂಜಿನ್ನನ್ನು ಪುಣೆಯ ಬಜಾಜ್ ಟೆಂಪೊ, ಅಂದರೆ ಇಂದಿನ ಫೋರ್ಸ್ ಮೋಟರ್ಸ್, ಮರ್ಸಿಡಿಸ್‌ನಿಂದ ಲೈಸೆನ್ಸ್ ಪಡೆದು ಇಲ್ಲಿಯೇ ತಯಾರಿಸಿ ಟ್ರ್ಯಾಕ್ಸ್ ಗಾಡಿಗೆ ಕೂರಿಸಿತು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ, ಅಮಾವಾಸ್ಯೆಗೆ ಕೂಡಲಸಂಗಮಕ್ಕೆ ಟಾಪಿನ ಮೇಲೂ ಮಂದಿ ಕೂರಿಸಿಕೊಂಡು ಹೋದ ಹಳೆಯ ಟ್ರ್ಯಾಕ್ಸ್, ಕ್ರೂಸರುಗಳು ಆ ಗ್ರೀಕ್ ಟ್ಯಾಕ್ಸಿಯ ದಾಯಾದಿಗಳು. ಅಲ್ಲಿ ಅದು ಐದು ಜನರನ್ನು ಹೊತ್ತು ಮ್ಯೂಸಿಯಂ ಸೇರಿತು. ಇಲ್ಲಿ ಇಪ್ಪತ್ತು ಜನರನ್ನು ಹೊತ್ತೂ ಹತ್ತಾರು ವರ್ಷ ಎಳೆಯಿತು. ಯಾವುದು ದೊಡ್ಡ ಸಾಧನೆ ಎಂಬ ಬಗ್ಗೆ ನನಗೆ ಅನುಮಾನವಿಲ್ಲ.

ಎಂಜಿನ್ ಬದಲಾಯಿತು, ಬಾಡಿ ಹೊಸದಾಗಿ ಕಟ್ಟಿಸಿದರು, ಪಾಟಾ ಬದಲಾದವು, ಬಣ್ಣ ಎರಡು ಸಲ ಆಯಿತು. ಆದರೂ ಅದೇ ಗಾಡಿ ಎನ್ನುವುದಕ್ಕೆ ಸರಕಾರದ ಬಳಿ ಒಂದೇ ಗುರುತು: ಚಾಸಿ ನಂಬರ್. ಆರ್‌ಸಿ ನವೀಕರಣಕ್ಕೆ ಹೋದವರು ಇದನ್ನು ನೋಡಿರುತ್ತಾರೆ. ಏಜೆಂಟನ ಹುಡುಗ ಬಾನೆಟ್ ಎತ್ತಿ, ಡೀಸೆಲ್ಲಿನಲ್ಲಿ ಅದ್ದಿದ ಅರಿವೆಯಿಂದ ಜಿಡ್ಡು ಒರೆಸಿ, ತೆಳು ಕಾಗದ ಇಟ್ಟು, ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ತಿಕ್ಕುತ್ತಾನೆ. ಕಪ್ಪು ಪಟ್ಟಿಯೊಳಗೆ ಅಕ್ಷರ, ಅಂಕಿಗಳು ಒಂದೊಂದಾಗಿ ಬೆಳ್ಳಗೆ ಮೂಡುತ್ತವೆ. ತುಕ್ಕು ಹಿಡಿದು ಒಂದು ಅಂಕಿ ಅಳಿಸಿತ್ತೋ, ಎಂಜಿನ್ ಎಷ್ಟೇ ಚೆಂದ ಓಡಲಿ, ಗಾಡಿಯ ಕಾಗದದ ಜೀವ ಅಲ್ಲಿಗೆ ಸಿಕ್ಕಿಬಿತ್ತು.

ಈಗ ಸಾಮಾನಿನ ಮಾತು. ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಕೊಲ್ಕತ್ತಾ ಬಳಿಯ ಉತ್ತರಪಾರಾದಲ್ಲಿ ತಯಾರಾಯಿತು. ಅದು ಕೆಡದ ಗಾಡಿ ಎಂದು ಯಾರೂ ಹೇಳಿಲ್ಲ. ಇಂದಿನ ಕಾರುಗಳಿಗೆ ಹೋಲಿಸಿದರೆ ಪದೇಪದೇ ಕೆಡುತ್ತಿತ್ತು. ಆದರೆ ಕೆಟ್ಟ ಜಾಗದಲ್ಲೇ ರಿಪೇರಿಯಾಗುತ್ತಿತ್ತು. ಅರ್ಧ ಶತಮಾನ ಮೂಲ ವಿನ್ಯಾಸ ಬದಲಾಗದ್ದರಿಂದ 1970ರ ಗಾಡಿಗೆ 1990ರ ಬಾಗಿಲು ಕೂರುತ್ತಿತ್ತು, ಇಲ್ಲದ ಸಾಮಾನನ್ನು ಲೇತಿನವನು ಕಡೆದು ಕೊಡುತ್ತಿದ್ದ. ಮುಂಬೈಯ ಪ್ರೀಮಿಯರ್ ಪದ್ಮಿನಿಯದೂ ಅದೇ ಕಥೆ. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು. ಮಿತಿ ಇಲ್ಲದಿದ್ದರೆ ಇನ್ನೂ ಓಡುತ್ತಿತ್ತು.

ಮಾರುತಿ 800 ಈ ಪಾಠವನ್ನು ಇನ್ನೊಂದು ದಾರಿಯಿಂದ ಕಲಿಸಿತು. 1983ರ ಡಿಸೆಂಬರಿನಲ್ಲಿ ಬಂದ ಆ ಪುಟ್ಟ ಕಾರಿನ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ ಆಮ್ನಿ ವ್ಯಾನಿಗೂ ಹೋಯಿತು, ಅದರದೇ ಸುಧಾರಿಸಿದ ಪೀಳಿಗೆ ಆಲ್ಟೊ 800ಕ್ಕೂ ಹೋಯಿತು. 2014ರಲ್ಲಿ ಮಾರುತಿ 800 ನಿಂತರೂ ಆಮ್ನಿ 2019ರ ತನಕ, ಆಲ್ಟೊ 800 2023ರ ತನಕ ಬಂದವು. ತಾಯಿ ಹೋದರೂ ಮಕ್ಕಳು ಇದ್ದುದರಿಂದ ಎಂಜಿನ್ ಕೆಲಸ ಬಲ್ಲ ಮಿಸ್ತ್ರಿಯೂ ಉಳಿದ, ಸಾಮಾನು ಇಡುವ ಅಂಗಡಿಯೂ ಉಳಿಯಿತು. ಇಳಕಲ್ಲಿನ ಅಂಗಡಿಯಲ್ಲಿ ಇಲ್ಲದ್ದು ಬಾಗಲಕೋಟೆಯಲ್ಲಿ, ಅಲ್ಲಿ ಇಲ್ಲದ್ದು ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಹಾಕಿಸಿದರೆ ಬೆಳಗ್ಗೆ ಕೈಗೆ. ಹತ್ತು ವರ್ಷದ ಕಾರಿಗೆ ಇದು ಪ್ರಾಣವಾಯು.

ಈ ದಾರಿ ಕಡಿದುಹೋದ ಕಾರುಗಳ ಪಾಡು ನೋಡಿ. ಡೇವೂ ಕಂಪನಿಯ ಮಟೀಜ್, ಸಿಯೆಲೊ ಒಂದು ಕಾಲಕ್ಕೆ ಮೆರೆದವು, ಕಂಪನಿ ಮುಳುಗಿತು. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಷೆವ್ರೊಲೆ ಕಾರು ಮಾರುವುದನ್ನು ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿನ ತಯಾರಿಕೆ ಬಿಡುವುದಾಗಿ ಹೇಳಿತು. ಸರ್ವಿಸ್, ಸಾಮಾನು ಮುಂದುವರಿಸುತ್ತೇವೆ ಎಂದು ಕಂಪನಿಗಳು ಮಾತು ಕೊಟ್ಟವು. ಬೆಂಗಳೂರಿನಲ್ಲಿದ್ದವರಿಗೆ ಆ ಮಾತು ಸಾಕಾಗಬಹುದು. ಬಾದಾಮಿಯಲ್ಲಿ ಟವೇರಾ ಇಟ್ಟುಕೊಂಡು ಹೊಟ್ಟೆ ಹೊರೆಯುವವನಿಗೆ ಒಂದು ಸೆನ್ಸರ್ ಬರಲು ಹದಿನೈದು ದಿನವಾದರೆ ಆ ಹದಿನೈದು ದಿನದ ಬಾಡಿಗೆ ಹೋಯಿತು. ಗಟ್ಟಿಮುಟ್ಟಾದ ಟವೇರಾ, ಫಿಗೊಗಳು ಹಾಳಾದ ಎಂಜಿನ್ನಿನಿಂದಲ್ಲ, ಸಿಗದ ಒಂದು ಚಿಕ್ಕ ವಸ್ತುವಿನಿಂದ ಗ್ಯಾರೇಜಿನ ಹಿಂದಿನ ಬೇವಿನ ಗಿಡದ ಕೆಳಗೆ ನಿಲ್ಲುತ್ತವೆ. ಸೆಕೆಂಡ್ ಹ್ಯಾಂಡ್ ಬಜಾರದಲ್ಲಿ ಇಂಥವು ಅಗ್ಗಕ್ಕೆ ಸಿಗುವುದೂ ಅದಕ್ಕೇ.

ಹಾಗಾದರೆ ಇಲ್ಲಿ ಬಾಳುವವು ಯಾವುವು? ನನ್ನ ತೀರ್ಮಾನ ಹೀಗೆ. ಹಳ್ಳಿ ರಸ್ತೆಗೆ ಬೊಲೆರೊ. 2000ದಲ್ಲಿ ಬಂದ ಈ ಗಾಡಿಗೆ ಅಡಿಯಲ್ಲಿ ಬೇರೆಯೇ ಉಕ್ಕಿನ ಚಾಸಿ, ಹಿಂದೆ ಪಾಟಾ. ಮೈಗೆ ಪೆಟ್ಟಾದರೂ ಬೆನ್ನೆಲುಬು ಉಳಿಯುತ್ತದೆ. ಕುಳಿತವರ ಬೆನ್ನೆಲುಬಿನ ಮಾತು ಬೇರೆ. ಬಾಡಿಗೆಗೆ ಟೊಯೋಟಾ. ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಹೊರಬಿದ್ದವು. ಐದು ಲಕ್ಷ ಕಿ.ಮೀ. ದಾಟಿದ ಇನ್ನೋವಾ ಟ್ಯಾಕ್ಸಿಯವರ ನಡುವೆ ಅಚ್ಚರಿಯಲ್ಲ. ಮನೆಗೆ ಮಾರುತಿಯ ಸಣ್ಣ ಪೆಟ್ರೋಲ್ ಕಾರುಗಳು. ಅದರ ಬೆನ್ನಿಗೇ ಹುಂಡೈ. ಸ್ವಿಫ್ಟ್, ಡಿಸೈರ್ ಡೀಸೆಲ್ಲುಗಳ 1.3 ಲೀಟರಿನ ಎಂಜಿನ್ ಫಿಯೆಟ್‌ನದು. ಅದೇ ಎಂಜಿನ್ ಟಾಟಾದ ಕಾರುಗಳಲ್ಲೂ ಇದ್ದುದರಿಂದ ಅದರ ಸಾಮಾನು, ಅದರ ಮಿಸ್ತ್ರಿ ಎರಡೂ ಇನ್ನೂ ಬಹಳ ವರ್ಷ ಸಿಗುತ್ತವೆ. ಇಂಡಿಕಾ ಕಾಲದ ಟಾಟಾಗಳನ್ನು ಟ್ಯಾಕ್ಸಿಯವರು ಬೈದುಕೊಂಡೇ ಲಕ್ಷಗಟ್ಟಲೆ ಕಿ.ಮೀ. ಓಡಿಸಿದರು. ರಿಪೇರಿ ಅಗ್ಗವಿದ್ದರೆ ಬೈಗುಳ ಯಾವ ಲೆಕ್ಕ?

ಇಷ್ಟಾಗಿಯೂ ಒಂದೇ ಕಂಪನಿಯ, ಒಂದೇ ವರ್ಷದ ಎರಡು ಕಾರು ಬಾಗಲಕೋಟೆಯಲ್ಲಿ ಒಂದು ರೀತಿ, ಬಾದಾಮಿಯಲ್ಲಿ ಇನ್ನೊಂದು ರೀತಿ ಮುಪ್ಪಾಗುತ್ತವೆ. ಕಾರಣ ಕಾಲಡಿಯ ಕಲ್ಲು. ಬಾಗಲಕೋಟೆ, ಲೋಕಾಪುರದ ಕಡೆ ಸುಣ್ಣದಕಲ್ಲು. ಅದಕ್ಕೇ ಇಲ್ಲಿ ಸಿಮೆಂಟ್ ಕಾರ್ಖಾನೆ. ಬಾದಾಮಿಯದು ಕೆಂಪು ಮರಳುಗಲ್ಲು. ಇಳಕಲ್ಲಿನದು ಕೆಂಪು ಗ್ರಾನೈಟ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಸುಣ್ಣದಕಲ್ಲಿನ ಕ್ಯಾಲ್ಸೈಟ್‌ಗೆ 3 ಅಂಕ, ಮರಳುಗಲ್ಲು ಮತ್ತು ಗ್ರಾನೈಟಿನಲ್ಲಿರುವ ಬೆಣಚುಕಲ್ಲಿಗೆ 7. ಎಂಜಿನ್ ಬೋರಿನ ಎರಕದ ಕಬ್ಬಿಣ ಇವೆರಡರ ನಡುವೆ ನಿಲ್ಲುತ್ತದೆ. ಅಂದರೆ ಬಾನೆಟ್ ಮೇಲೆ ಬೆಳ್ಳಗೆ ಕೂತು ಕಣ್ಣಿಗೆ ರಾಚುವ ಸಿಮೆಂಟ್ ಕಡೆಯ ಧೂಳಿಗಿಂತ, ಬಾದಾಮಿಯ ಕೆಂಪು ಮರಳು, ಇಳಕಲ್ಲಿನ ಕಲ್ಲು ಕೊಯ್ಯುವ ಕಾರ್ಖಾನೆಗಳ ಸುತ್ತಲಿನ ಪುಡಿ ಎಂಜಿನ್ನಿಗೆ ಹೆಚ್ಚು ಕಚ್ಚುತ್ತದೆ. ಕಬ್ಬಿಣವನ್ನೇ ಗೀರಬಲ್ಲ ಧೂಳು ಅದು.

ಕಣ್ಣಿಗೆ ಕಾಣುವ ಹರಳು ಅಪಾಯದ್ದಲ್ಲ, ಅದನ್ನು ಏರ್ ಫಿಲ್ಟರ್ ಹಿಡಿಯುತ್ತದೆ. ಒಂದು ಮಿಲಿಮೀಟರಿನ ನೂರನೆಯ ಪಾಲಿನ ಆಸುಪಾಸಿನ ಕಣಗಳು ಕೆಟ್ಟವು. ಪಿಸ್ಟನ್ ರಿಂಗಿಗೂ ಬೋರಿಗೂ ನಡುವೆ ಆಯಿಲ್ಲಿನ ತೆಳು ಪದರ ಇರುತ್ತದಲ್ಲ, ಈ ಕಣ ಅಲ್ಲಿಗೇ ಹೋಗಿ ಎರಡೂ ಬದಿ ಉಜ್ಜುತ್ತದೆ. ಆಮೇಲೆ ಬೋರ್ ಸವೆದು ಆಯಿಲ್ ಮೇಲೇರುತ್ತದೆ, ಸೈಲೆನ್ಸರಿನಲ್ಲಿ ನೀಲಿ ಹೊಗೆ. ಕಂಪನಿಯ ಪುಸ್ತಕದಲ್ಲಿ ಏರ್ ಫಿಲ್ಟರ್ ಬದಲಿಸಲು ಬರೆದ ಕಿಲೋಮೀಟರು ಟಾರು ರಸ್ತೆಯ ಊರಿನವರದು. ಧೂಳಿನ ಕಡೆ ಅದಕ್ಕೂ ಮುಂಚೆ ಬದಲಿಸಿ ಎಂದು ಅದೇ ಪುಸ್ತಕದ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಮ್ಮಲ್ಲಿ ಫಿಲ್ಟರನ್ನು ಪಂಕ್ಚರ್ ಅಂಗಡಿಯ ಗಾಳಿ ಪೈಪಿಗೆ ಹಿಡಿದು ಊದಿಸಿ ಮತ್ತೆ ಹಾಕುವುದು ರೂಢಿ. ಜೋರು ಗಾಳಿಗೆ ಕಾಗದದ ಮಡಿಕೆಯಲ್ಲಿ ಸೂಜಿಮೊನೆಯ ತೂತು ಬಿದ್ದರೆ ಕಾಣುವುದಿಲ್ಲ, ಧೂಳಿಗೆ ಮಾತ್ರ ಆ ತೂತು ಹೆಬ್ಬಾಗಿಲು. ಕೆಲವು ನೂರು ರೂಪಾಯಿಯ ಫಿಲ್ಟರ್ ಉಳಿಸಲು ಹೋಗಿ ಮೂವತ್ತು, ನಲವತ್ತು ಸಾವಿರದ ಎಂಜಿನ್ ಕೆಲಸ ತಂದುಕೊಂಡವರು ಈ ಕಡೆ ಓಣಿಗೊಬ್ಬರು.

ಧೂಳಿಗಿಂತಲೂ ಹೆಚ್ಚು ಎಂಜಿನ್ನುಗಳನ್ನು ಕೊಂದದ್ದು ನೀರು ಎಂದೇ ನನ್ನ ಅಂದಾಜು. ಸುಣ್ಣದಕಲ್ಲಿನ ನೆಲದ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಜಳಕದ ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ರೇಡಿಯೇಟರಿನ ಕೊಳವೆಯೊಳಗೆ ಕಟ್ಟುವುದೂ ಅದೇ. ಹಂಡೆಯ ಬಾಯಿ ಅಗಲ, ಕೈ ಹಾಕಿ ತಿಕ್ಕಬಹುದು. ರೇಡಿಯೇಟರಿನ ಕೊಳವೆ ಎರಡು ಮೂರು ಮಿಲಿಮೀಟರಿನ ಸೀಳು. ಹಳೆಯ ಹಿತ್ತಾಳೆ ರೇಡಿಯೇಟರಾದರೆ ಮೇಲಿನ ತೊಟ್ಟಿ ಬಿಚ್ಚಿ, ಸಲಾಕೆ ಹಾಕಿ ತೆಗೆದು, ಮತ್ತೆ ಬೆಸುಗೆ ಹಾಕುವ ಕುಶಲಿಗಳಿದ್ದರು. ಈಗಿನದು ಅಲ್ಯುಮಿನಿಯಂ ಮೈ, ಪ್ಲಾಸ್ಟಿಕ್ ತೊಟ್ಟಿ, ಕಟ್ಟಿದರೆ ಎಸೆಯುವುದೇ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟಿದಾಗ ಅರ್ಧ ಮುಚ್ಚಿದ ರೇಡಿಯೇಟರ್ ಹೊತ್ತು ಎಸಿ ಹಾಕಿಕೊಂಡು ಓಡುವ ಕಾರು ಹೀಟ್ ಆಗುತ್ತದೆ, ಅಲ್ಯುಮಿನಿಯಂ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹಾರುತ್ತದೆ. ದಾರಿಯಲ್ಲಿ ಹೊಗೆ ಕಂಡೊಡನೆ ಪಕ್ಕದ ಹೊಲದ ಪೈಪಿನಿಂದ ಎರಡು ಬಾಟಲಿ ನೀರು ಹುಯ್ಯುವುದು ಮತ್ತೊಂದು ಕೊಡಲಿ ಏಟು. ಬಿಸಿ ಲೋಹಕ್ಕೆ ತಣ್ಣೀರು, ಅದೂ ಸುಣ್ಣದ ನೀರು.

ಕೂಲಂಟ್ ಎಂದರೆ ನೀರಿಗೆ ಹಸಿರು, ಕೆಂಪು ಬಣ್ಣ ಹಾಕಿ ಮಾರುವುದು ಎಂದು ನಗುವವರಿದ್ದಾರೆ. ತಣ್ಣನೆಯ ದೇಶದಲ್ಲಿ ಅದನ್ನು ಹಾಕುವುದು ನೀರು ಹೆಪ್ಪುಗಟ್ಟದಿರಲಿ ಎಂದು. ನಮ್ಮಲ್ಲಿ ತುಕ್ಕು, ಹಕ್ಕಳೆ ಕಟ್ಟದಿರಲಿ ಎಂದು, ಕುದಿಯುವ ಬಿಂದು ಏರಲಿ ಎಂದು. ಹಾಕಿದ ಮೇಲೂ ಅದರ ಗುಣ ಎರಡು ಮೂರು ವರ್ಷಕ್ಕೆ ಕುಂದುತ್ತದೆ. ಬೆರೆಸುವ ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರೇ ಆಗಬೇಕು.

ರಸ್ತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಓದುಗರ ಸೊಂಟಕ್ಕೆ ಗೊತ್ತು. ಎರೆ ನೆಲ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಅದರ ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಹುನಗುಂದ, ಇಳಕಲ್ಲಿನ ಪಕ್ಕದಲ್ಲೇ ವಿಜಯಪುರದಿಂದ ಹೊಸಪೇಟೆಗೆ ಹೋಗುವ ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ 50 ಇದೆ. ಅದರ ಮೇಲೆ ಮಾತ್ರ ಓಡಿದ ಎರಡು ಲಕ್ಷ ಕಿ.ಮೀ. ಕಾರಿಗೂ, ಒಳರಸ್ತೆಯಲ್ಲಿ ಓಡಿದ ಎಂಬತ್ತು ಸಾವಿರದ ಕಾರಿಗೂ ಆಯ್ಕೆ ಬಂದರೆ ನಾನು ಮೊದಲನೆಯದಕ್ಕೇ ಕೈ ಹಾಕುತ್ತೇನೆ. ಮೀಟರಿನ ಅಂಕಿಗೆ ಹೆದರುವುದು ನಮ್ಮವರ ದೊಡ್ಡ ತಪ್ಪು. ಮೀಟರ್ ತಿರುಗಿಸುವವರು ಬದುಕಿರುವುದು ಆ ಹೆದರಿಕೆಯ ಮೇಲೆಯೇ.

ನಮ್ಮ ಜಿಲ್ಲೆಯ ಭಾಗ್ಯವೆಂದರೆ ತುಕ್ಕು ಕಡಿಮೆ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ, ಉಪ್ಪು ಗಾಳಿ ಇಲ್ಲ. ಮಂಗಳೂರಿನಲ್ಲಿ ಇದರ ಐದಾರು ಪಟ್ಟು ಮಳೆ, ಜತೆಗೆ ಕಡಲು. ಕರಾವಳಿಯ ಕಾರು ಇಲ್ಲಿ ಅಗ್ಗಕ್ಕೆ ಬಂದರೆ ಪಿಟ್ ಮೇಲೆ ನಿಲ್ಲಿಸಿ ಕೆಳಗಿನಿಂದ ನೋಡದೆ ಮಾತಾಡಬೇಡಿ. ನಮ್ಮಲ್ಲಿ ಹೆದರಬೇಕಾದ್ದು ಹೊಳೆಯ ನೀರಿಗೆ. 2019ರ ಆಗಸ್ಟಿನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಒಟ್ಟಿಗೇ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತ್ತು. ಆಗ ಮುಳುಗೆದ್ದ ಗಾಡಿಗಳು ತೊಳೆಸಿಕೊಂಡು, ಸೀಟಿಗೆ ಹೊಸ ಕವರ್ ಹಾಕಿಸಿಕೊಂಡು ಊರೂರು ಸೇರಿದವು. ಗುರುತಿಸುವುದು ಕಷ್ಟವಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಯಾರೂ ತೊಳೆಯದ ಆ ಕೊನೆಯ ಗೇಣಿನಲ್ಲಿ ಹೊಳೆಯ ರಾಡಿಯ ಗೆರೆ ಉಳಿದಿರುತ್ತದೆ.

ಇನ್ನೊಂದು ಪರೀಕ್ಷೆ ಹಳೆಯ ಮಿಸ್ತ್ರಿಗಳದು, ಕಂಪ್ಯೂಟರ್ ಬೇಕಿಲ್ಲ. ಎಂಜಿನ್ ಬಿಸಿಯಾಗುವ ತನಕ ಓಡಿಸಿ, ಚಾಲೂ ಇರುವಾಗಲೇ ಆಯಿಲ್ ಹುಯ್ಯುವ ಮುಚ್ಚಳ ತೆಗೆದು ಅಂಗೈಯನ್ನು ಅದರ ಮೇಲೆ ಹಗುರಾಗಿ ಹಿಡಿಯುತ್ತಾರೆ. ರಿಂಗು, ಬೋರು ಸರಿ ಇದ್ದರೆ ಅಂಗೈಗೆ ಸಣ್ಣ ಗಾಳಿ ಅಷ್ಟೇ. ಸವೆದಿದ್ದರೆ ಸುಟ್ಟ ಗಾಳಿ ಕೆಳಗಿಳಿದು, ಅಲ್ಲಿಂದ ಬುಸುಗುಟ್ಟಿ ಕೈಯನ್ನು ದೂಡುತ್ತದೆ, ಆಯಿಲ್ ಹನಿ ಸಿಡಿಯುತ್ತದೆ. ಮಿಸ್ತ್ರಿ ಏನೂ ಹೇಳದೆ ಕೈ ಒರೆಸಿಕೊಂಡು ಮುಚ್ಚಳ ಹಾಕಿದನೆಂದರೆ ಬೇರೆ ಕಾರು ನೋಡಿ. ಈ ಸಲಹೆಗೆ ಆತ ಕೇಳುವ ರೊಕ್ಕಕ್ಕೆ ಚೌಕಾಸಿ ಮಾಡಬೇಡಿ.

ಕಾರು ಸಾಯುವುದಕ್ಕೆ ಕಾಗದದ ಕಾರಣವೂ ಉಂಟು. ವಿಮೆಯವರ ಲೆಕ್ಕದಲ್ಲಿ ಐದು ವರ್ಷಕ್ಕೆ ಕಾರಿನ ಬೆಲೆ ಅರ್ಧ. ಹನ್ನೆರಡು ವರ್ಷದ ಕಾರಿಗೆ ಒಂದೂವರೆ ಲಕ್ಷದ ವಿಮೆ ಇದೆ ಎನ್ನಿ. ಒಂದು ಡಿಕ್ಕಿಗೆ ಏರ್‌ಬ್ಯಾಗ್ ಬಿಚ್ಚಿ, ಹೆಡ್‌ಲೈಟ್, ರೇಡಿಯೇಟರ್ ಹೋದರೆ ರಿಪೇರಿಯ ಅಂದಾಜು ಆ ಮೊತ್ತದ ಮುಕ್ಕಾಲು ದಾಟುತ್ತದೆ, ಕಾರನ್ನು ಪೂರ್ತಿ ನಷ್ಟವೆಂದು ಬರೆದುಬಿಡುತ್ತಾರೆ. ಎಂಜಿನ್ ಗುಂಡುಕಲ್ಲಿನಂತಿದ್ದರೂ ಅದರ ಬಾಳು ಮುಗಿಯಿತು.

ಹೊಸ ಕಾರುಗಳ ಆಯುಷ್ಯ? 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ಲುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ತಾನಾಗಿ ಉರಿದು ಹೋಗಲು ಕಾರು ಆಗಾಗ ಕಾಲು ಗಂಟೆಯಾದರೂ ಒಂದೇ ಓಟದಲ್ಲಿ ಓಡಬೇಕು. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ ಎಂದು ಇಳಕಲ್ಲಿನೊಳಗೇ ಸುತ್ತುವ ವ್ಯಾಪಾರಿಗೆ ಡೀಸೆಲ್ ಬೇಡವೇ ಬೇಡ. ದಿನಾ ಬಾಗಲಕೋಟೆಗೋ ವಿಜಯಪುರಕ್ಕೋ ಹೋಗಿಬರುವವರಿಗೆ ಚಿಂತೆಯಿಲ್ಲ. ಬ್ಯಾಟರಿ ಕಾರುಗಳಿಗೆ ಹಲವು ಕಂಪನಿಗಳು ಬ್ಯಾಟರಿಯ ಮೇಲೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ ಕೊಡುತ್ತಿವೆ. ಬ್ರಿಟನ್ನಿನ 18.4 ವರ್ಷದ ಅಂಕಿಯನ್ನು ನಮ್ಮ ಬಿಸಿಲಿಗೆ ಹಾಗೇ ಒಪ್ಪಿಸುವುದು ಸರಿಯಲ್ಲ, ಬಿಸಿ ಬ್ಯಾಟರಿಗೆ ವೈರಿ. ಕೊಂಡವರು ನೆರಳಿನಲ್ಲಿ ನಿಲ್ಲಿಸಿ, ಮಧ್ಯಾಹ್ನದ ಉರಿಬಿಸಿಲಲ್ಲಿ ವೇಗದ ಚಾರ್ಜಿಂಗ್ ತಪ್ಪಿಸಿ.

ಕೊನೆಗೆ ಕಾಯ್ದೆ. ದಿಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ಗಾಡಿಗೆ ಹಸಿರು ನ್ಯಾಯಮಂಡಳಿ ಹಾಕಿದ ತಡೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಅದನ್ನೇ ಕೇಳಿ ಇಲ್ಲಿಯೂ ಹದಿನೈದಕ್ಕೆ ಕಾರು ಗುಜರಿಗೇ ಎಂದು ಹೆದರಿಸಿ ಅಗ್ಗಕ್ಕೆ ಕೊಳ್ಳುವವರಿದ್ದಾರೆ. ಕರ್ನಾಟಕದಲ್ಲಿ ಹಾಗಿಲ್ಲ. ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷ ಮುಂದುವರಿಯುತ್ತದೆ. ಹದಿನೈದರ ಮೇಲೆ ಉಳಿಯದಿರುವುದು ಸರಕಾರದ ಸ್ವಂತ ಗಾಡಿಗಳು ಮಾತ್ರ, 2023ರ ಏಪ್ರಿಲ್‌ನಿಂದ. ನವೀಕರಣದ ಶುಲ್ಕ ಮೊದಲಿನ 600 ರೂಪಾಯಿಯಿಂದ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಿಂದ 10,000. ಹಸಿರು ತೆರಿಗೆ ಬೇರೆ. ಆರ್‌ಸಿ ಮುಗಿಯುವ ಅರವತ್ತು ದಿನ ಮುಂಚಿನಿಂದಲೇ ಅರ್ಜಿ ಹಾಕಬಹುದು. ತಡವಾದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ದಂಡ, ಮತ್ತು ಆ ನಡುವೆ ರಸ್ತೆಗಿಳಿಸಿದರೆ ನೋಂದಣಿಯಿಲ್ಲದ ಗಾಡಿ ಓಡಿಸಿದಂತೆಯೇ. ತಿಜೋರಿ ತೆಗೆದು ನಿಮ್ಮ ಆರ್‌ಸಿಯ ಕೊನೆಯ ತಾರೀಖು ಇವತ್ತೇ ನೋಡಿಕೊಳ್ಳಿ.